ಉಡುಪಿಯಲ್ಲಿ ಅಳಿದು ಮಂಗಳೂರಲ್ಲಿ ಏಳುವುದು: ಟೆಲಿಪೋರ್ಟೇಶನ್ ಆಗುವ ಮಾತೇ?

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬೆಂಗಳೂರು ರಸ್ತೆ ಬಂದ್ ಆದಾಗಲೆಲ್ಲ, ಸುರಂಗ ಆಗುವ ಮೊದಲು ಟೆಲಿಪೋರ್ಟೇಶನ್ನೇ ಬಂದೀತು ಎಂದು ತಮಾಷೆ ಮಾಡುವವರಿದ್ದಾರೆ. ಒಂದು ಅರ್ಥದಲ್ಲಿ ಅದು ಬಂದು ಮೂವತ್ತು ವರ್ಷ ಆಗುತ್ತಾ ಬಂತು. 1997ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಪ್ರಯೋಗಾಲಯವೊಂದರಲ್ಲಿ ಬೆಳಕಿನ ಒಂದು ಕಣದ ಸ್ಥಿತಿ ಮೇಜಿನ ಈಚೆ ತುದಿಯಲ್ಲಿ ಅಳಿದು ಆಚೆ ತುದಿಯಲ್ಲಿ ಎದ್ದಿತು. ಆದರೆ ಅಲ್ಲಿ ನಡೆದದ್ದಕ್ಕೂ, ಸಿನಿಮಾದಲ್ಲಿ ಮನುಷ್ಯ ಮಿಂಚಿ ಮಾಯವಾಗಿ ಇನ್ನೆಲ್ಲೋ ಕಾಣಿಸಿಕೊಳ್ಳುವುದಕ್ಕೂ ಇರುವ ಅಂತರ ಬರೀ ಗಾತ್ರದ್ದಲ್ಲ. ಎರಡರ ಲೆಕ್ಕವೇ ಬೇರೆ. ಆ ಲೆಕ್ಕ ತಿಳಿದರೆ "ಆಚೆ ಎದ್ದು ನಿಂತವನು ನಾನೇ ಹೌದಾ?" ಎಂಬ ಪ್ರಶ್ನೆಯನ್ನೂ ಬೇರೆ ಥರ ಕೇಳಬೇಕಾಗುತ್ತದೆ.

ಟೆಲಿಪೋರ್ಟೇಶನ್ ಎಂಬ ಪದವನ್ನು 1931ರಲ್ಲಿ ಬಳಕೆಗೆ ತಂದದ್ದು ವಿಜ್ಞಾನಿಯಲ್ಲ, ವಿಚಿತ್ರ ಸಂಗತಿಗಳ ವರದಿಗಳನ್ನು ಗುಡ್ಡೆ ಹಾಕುತ್ತಿದ್ದ ಅಮೆರಿಕದ ಬರಹಗಾರ ಚಾರ್ಲ್ಸ್ ಫೋರ್ಟ್. ಅಂದಿನಿಂದ ಜನರ ತಲೆಯಲ್ಲಿ ಕೂತಿರುವ ಚಿತ್ರ ಝೆರಾಕ್ಸ್ ಅಂಗಡಿಯದ್ದು: ಒಬ್ಬನನ್ನು ಅಣು ಅಣುವಾಗಿ ಸ್ಕ್ಯಾನ್ ಮಾಡುವುದು, ಮಾಹಿತಿ ಕಳುಹಿಸುವುದು, ಆಚೆ ಹೊಸ ಅಣುಗಳಿಂದ ಅವನನ್ನು ಪ್ರಿಂಟ್ ತೆಗೆಯುವುದು, ಈಚೆ ಉಳಿದ ಅಸಲು ಪ್ರತಿಯನ್ನು ಹರಿದು ಹಾಕುವುದು. ಕೊನೆಯ ಮೆಟ್ಟಿಲು ಎಲ್ಲರಿಗೂ ಇರಿಸುಮುರಿಸು ತರುತ್ತದೆ, ತರಬೇಕಾದ್ದೇ. ನಿಜವಾದ ಟೆಲಿಪೋರ್ಟೇಶನ್ ಈ ದಾರಿ ಹಿಡಿಯುವುದಿಲ್ಲ. ಯಾಕೆಂದರೆ ಕ್ವಾಂಟಂ ಮಟ್ಟದಲ್ಲಿ, ಅಂದರೆ ಒಂಟಿ ಕಣಗಳ ಲೋಕದಲ್ಲಿ, ಝೆರಾಕ್ಸ್ ಯಂತ್ರವನ್ನು ಪ್ರಕೃತಿ ಕೊಟ್ಟೇ ಇಲ್ಲ.

ನಕಲು ತೆಗೆಯಲು ಬಾರದು

ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, 37 ಡಿಗ್ರಿ ಓರೆಯಲ್ಲಿ ಕಂಪಿಸುತ್ತಿದೆ ಎಂದುಕೊಳ್ಳಿ. ಇದಕ್ಕೆ ಧ್ರುವೀಕರಣ ಎನ್ನುತ್ತಾರೆ. ಆ ಕೋನ ನಿಮಗೆ ಗೊತ್ತಿಲ್ಲ. ತಿಳಿಯಲು ಅದರ ದಾರಿಗೆ ಒಂದು ಧ್ರುವಕ ಗಾಜು ಅಡ್ಡ ಹಿಡಿದರೆ ಸಿಗುವ ಉತ್ತರ ಎರಡೇ: ದಾಟಿತು, ಇಲ್ಲವೇ ದಾಟಲಿಲ್ಲ. 37 ಎಂಬ ಸಂಖ್ಯೆ ಎಲ್ಲೂ ಬರೆದು ಬರುವುದಿಲ್ಲ. ಅಳೆದ ಮೇಲೆ ಹಳೆಯ ಸ್ಥಿತಿಯೂ ಉಳಿಯುವುದಿಲ್ಲ. ಅಂಥದ್ದೇ ಸಾವಿರ ಫೋಟಾನ್ ಇದ್ದರೆ ಎಷ್ಟು ದಾಟಿದವು ಎಂದು ಎಣಿಸಿ ಕೋನ ಹಿಡಿಯಬಹುದು. ಇರುವುದು ಒಂದೇ ಆದರೆ? ಮೊದಲು ಅದರ ಸಾವಿರ ನಕಲು ಮಾಡಿಕೊಂಡರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಅದು ಆಗದು ಎಂದು 1982ರಲ್ಲಿ ವೂಟರ್ಸ್ ಮತ್ತು ಝುರೆಕ್ ಒಂದು ಕಡೆ, ಡೀಕ್ಸ್ ಇನ್ನೊಂದು ಕಡೆ ತೋರಿಸಿದರು. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ಪಕ್ಕಾ ನಕಲು ತೆಗೆಯುವ ಯಂತ್ರ ಸಾಧ್ಯವಿಲ್ಲ. ಕೈಚಳಕದ ಕೊರತೆಯಿಂದಲ್ಲ, ಕ್ವಾಂಟಂ ಸಮೀಕರಣಗಳೇ ಬಿಡುವುದಿಲ್ಲ.

ನಕಲು ಮಾಡಲಾಗದಿದ್ದರೂ ಸ್ಥಳಾಂತರಿಸಬಹುದು. ಈ ಮಾತು ಕರಾವಳಿಯ ಓದುಗರಿಗೆ ಹೊಸದಾಗಿ ಕೇಳಿಸಲಾರದು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಗರ್ಭಗುಡಿ ಬಿಚ್ಚುವ ಮೊದಲು ಅನುಜ್ಞಾ ಕಲಶ ಆಗುತ್ತದೆ. ಬಿಂಬದ ಚೈತನ್ಯವನ್ನು ಕಲಶಕ್ಕೆ ಆವಾಹಿಸಿ, ಅಲ್ಲಿಂದ ಬಾಲಾಲಯ ಎಂಬ ತಾತ್ಕಾಲಿಕ ಗುಡಿಗೆ ಒಯ್ದು ಪ್ರತಿಷ್ಠೆ ಮಾಡುತ್ತಾರೆ. ಹಳೆಯ ಬಿಂಬ ಭಗ್ನವಾಗಿದ್ದರೆ ಅದು ನೀರಿಗೆ ಹೋಗುತ್ತದೆ, ಬ್ರಹ್ಮಕಲಶದ ಹೊತ್ತಿಗೆ ಚೈತನ್ಯ ಹೊಸ ಕಲ್ಲಿಗೆ ಸೇರುತ್ತದೆ. ಇಲ್ಲಿ ಮೂರು ಸಂಗತಿ ಗಮನಿಸಿ. ಕಲ್ಲು ಪ್ರಯಾಣ ಮಾಡುವುದಿಲ್ಲ. ಹೊಸ ಬಿಂಬ ಮೊದಲೇ ತಯಾರಿರಬೇಕು. ಅಲ್ಲಿಗೆ ತುಂಬಿದ್ದು ಇಲ್ಲಿ ಉಳಿಯುವುದಿಲ್ಲ. ಏಕಕಾಲಕ್ಕೆ ಎರಡೂ ಕಡೆ ಪೂರ್ಣ ಎಂಬುದಿಲ್ಲ. ಶಾಸ್ತ್ರ ಮತ್ತು ಭೌತಶಾಸ್ತ್ರ ಒಂದೇ ಎಂದು ಹೇಳಲು ಇದನ್ನು ತಂದದ್ದಲ್ಲ. ಅಂಥ ಭಾಷಣಗಳು ಈಗಾಗಲೇ ಬೇಕಾದಷ್ಟು ಉಂಟು. ಕ್ವಾಂಟಂ ಟೆಲಿಪೋರ್ಟೇಶನ್ನಿನ ಮೂರು ಷರತ್ತುಗಳೂ ಇದೇ ಆಕಾರದವು ಎಂಬುದಷ್ಟೇ ವಿಷಯ. ಝೆರಾಕ್ಸ್ ಅಂಗಡಿಗಿಂತ ಈ ಚಿತ್ರ ವಾಸ್ತವಕ್ಕೆ ಹತ್ತಿರ.

ಅಪ್ಪಿ ಮತ್ತು ಬಾಬು

ವಿಧಾನವನ್ನು 1993ರಲ್ಲಿ ಕಾಗದದ ಮೇಲೆ ಬರೆದವರು ಆರು ಜನ: ಬೆನೆಟ್, ಬ್ರಾಸಾರ್, ಕ್ರೆಪೋ, ಜೋಸಾ, ಪೆರೆಸ್, ವೂಟರ್ಸ್. ಈ ವಿಷಯದ ಬರಹಗಳಲ್ಲಿ ಕಳುಹಿಸುವವಳು ಆಲಿಸ್, ಪಡೆಯುವವನು ಬಾಬ್. ನಮ್ಮಲ್ಲಿ ಉಡುಪಿಯ ಅಪ್ಪಿ, ಮಂಗಳೂರಿನ ಬಾಬು ಇರಲಿ.

ಮೊದಲಿಗೆ ಬೇಕಾದ್ದು ಎಂಟ್ಯಾಂಗಲ್ ಆದ, ಅಂದರೆ ಹೆಣೆದುಕೊಂಡ ಒಂದು ಜೋಡಿ ಫೋಟಾನ್. ಬೇರಿಯಂ ಬೋರೇಟ್ ಎಂಬ ಹರಳಿಗೆ ಸುಮಾರು 390 ನ್ಯಾನೋಮೀಟರಿನ ನೇರಳಾತೀತ ಲೇಸರ್ ಹಾಯಿಸುತ್ತಾರೆ. ಕೋಟಿಗಟ್ಟಲೆ ಫೋಟಾನ್ ಹಾಗೆಯೇ ದಾಟಿ ಹೋಗುತ್ತವೆ. ಎಲ್ಲೋ ಒಂದು ಒಡೆದು ಅರ್ಧರ್ಧ ಶಕ್ತಿಯ ಎರಡಾಗುತ್ತದೆ. ಶಕ್ತಿ ಅರ್ಧವಾದ್ದರಿಂದ ತರಂಗದುದ್ದ ಇಮ್ಮಡಿ, ಸುಮಾರು 780. ಈ ಎರಡಕ್ಕೂ ಪ್ರತ್ಯೇಕವಾಗಿ ಇಂಥ ಕೋನ ಎಂಬುದಿಲ್ಲ. ಆದರೆ ಯಾವ ದಿಕ್ಕಿನಲ್ಲಿ ಅಳೆದರೂ ಒಂದರ ಉತ್ತರಕ್ಕೆ ಇನ್ನೊಂದರದ್ದು ವಿರುದ್ಧ. ಸಂಬಂಧ ಖಚಿತ, ವ್ಯಕ್ತಿಗಳು ಅನಿಶ್ಚಿತ. ಒಂದು ಅಪ್ಪಿಯ ಕೈಗೆ, ಇನ್ನೊಂದು ಬಾಬುವಿನ ಕೈಗೆ ಹೋಗುತ್ತದೆ.

ಈಗ ಅಪ್ಪಿಯ ಬಳಿ ಕಳುಹಿಸಬೇಕಾದ ಮೂರನೆಯ ಫೋಟಾನ್ ಬರುತ್ತದೆ. ಅದರ ಕೋನ ಅವಳಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಹಾಗೂ ಇಲ್ಲ. ಅವಳು ಅದನ್ನೂ ತನ್ನ ಪಾಲಿನ ಅರ್ಧವನ್ನೂ ಒಟ್ಟಿಗೆ ನಿಲ್ಲಿಸಿ, "ನೀನು ಏನು?" ಎಂದು ಕೇಳದೆ "ನಿಮ್ಮಿಬ್ಬರ ಸಂಬಂಧ ಏನು?" ಎಂದಷ್ಟೇ ಕೇಳುತ್ತಾಳೆ. ತುಳುನಾಡಿನ ಮದುವೆ ಮಾತುಕತೆಯಲ್ಲಿ ಹುಡುಗನದ್ದು ಯಾವ ಬರಿ (ತಾಯಿ ಕಡೆಯ ಕುಲ), ಹುಡುಗಿಯದ್ದು ಯಾವ ಬರಿ ಎಂದು ಹೇಳಿಸದೆ, ಎರಡೂ ಒಂದೇಯೋ ಬೇರೆಯೋ ಎಂದು ಮಾತ್ರ ಹೇಳಿಸಿದ ಹಾಗೆ. ಬರಿ ಗುಟ್ಟಾಗಿಯೇ ಉಳಿಯಿತು, ಸಂಬಂಧ ಗೊತ್ತಾಯಿತು. ಇದರ ಹೆಸರು ಬೆಲ್ ಅಳತೆ. ಉತ್ತರ ನಾಲ್ಕರಲ್ಲಿ ಒಂದು.

ಸುಲಭದ ಉತ್ತರವನ್ನು ನೋಡಿ. ಕಳುಹಿಸಬೇಕಾದದ್ದು ಅಪ್ಪಿಯ ಅರ್ಧಕ್ಕೆ ಪೂರ್ತಿ ವಿರುದ್ಧ ಎಂದು ಬಂತು. ಅಪ್ಪಿಯ ಅರ್ಧ ಬಾಬುವಿನ ಅರ್ಧಕ್ಕೆ ಮೊದಲೇ ವಿರುದ್ಧ. ವಿರುದ್ಧದ ವಿರುದ್ಧ ಅಂದರೆ ಅದೇ. ಬಾಬುವಿನ ಕೈಯಲ್ಲಿರುವ ಫೋಟಾನ್ ಈಗ 37 ಡಿಗ್ರಿಯದ್ದು, ಅವನು ಏನೂ ಮಾಡಬೇಕಾಗಿಲ್ಲ. ಉಳಿದ ಮೂರು ಉತ್ತರಗಳಲ್ಲಿ ಅವನ ಫೋಟಾನ್ ಒಂದು ಗೊತ್ತಾದ ರೀತಿಯಲ್ಲಿ ತಿರುಚಿಕೊಂಡಿರುತ್ತದೆ: ಅಡ್ಡ-ಲಂಬ ಅದಲುಬದಲಾಗಿರಬಹುದು, ಫೇಸ್, ಅಂದರೆ ತರಂಗದ ಏರಿಳಿತದ ಹೊಂದಾಣಿಕೆ, ತಿರುಗಿರಬಹುದು, ಅಥವಾ ಎರಡೂ ಆಗಿರಬಹುದು. ಹಾಫ್‌ವೇವ್ ಪ್ಲೇಟ್ ಎಂಬ ತೆಳು ಹರಳಿನ ಬಿಲ್ಲೆಯನ್ನು, ಎರಡೂ ಆಗಿದ್ದರೆ ಎರಡು ಬಿಲ್ಲೆಗಳನ್ನು, ಸರಿಯಾದ ಕೋನಕ್ಕೆ ತಿರುಗಿಸಿ ಹಿಡಿದರೆ ನೆಟ್ಟಗಾಗುತ್ತದೆ. ಆದರೆ ನಾಲ್ಕರಲ್ಲಿ ಯಾವುದು ಎಂದು ಅವನಿಗೆ ತಿಳಿಯಬೇಕಲ್ಲ? ಅಪ್ಪಿ ಫೋನ್ ಮಾಡಿ ಹೇಳಬೇಕು. ಎರಡೇ ಬಿಟ್ ಸುದ್ದಿ.

ಆ ಫೋನ್ ಕರೆ ಬರುವ ತನಕ ಬಾಬುವಿನ ಫೋಟಾನ್ ಅವನ ಮಟ್ಟಿಗೆ ಶುದ್ಧ ಗೊಂದಲ; ಹೇಗೆ ಅಳೆದರೂ ಅರ್ಧಕ್ಕರ್ಧ. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ಕೇಬಲ್ ಹಿಡಿದರೆ ಗಾಜಿನ ನಾರಿನಲ್ಲಿ ಬೆಳಕಿಗೆ ಬೇಕಾದದ್ದು ಸೆಕೆಂಡಿನ ಹತ್ತು ಸಾವಿರದಲ್ಲಿ ಮೂರು ಪಾಲು. ಅದಕ್ಕಿಂತ ಮೊದಲು ಏನೂ ತಲುಪುವುದಿಲ್ಲ. "ಕ್ಷಣಾರ್ಧದಲ್ಲಿ, ಬೆಳಕಿಗಿಂತ ವೇಗವಾಗಿ" ಎಂದು ಬರೆಯುವ ಪತ್ರಿಕೆಗಳು ಈ ಫೋನ್ ಕರೆಯನ್ನು ಮರೆತಿರುತ್ತವೆ.

ಅಪ್ಪಿಯ ಕಡೆ ಏನು ಉಳಿಯಿತು? ಎರಡು ಫೋಟಾನ್‌ಗಳ ನಡುವಿನ ಒಂದು ಸಂಬಂಧ, ಅಷ್ಟೆ. 37 ಅಲ್ಲಿಲ್ಲ. ಯಾರೂ ಅಳಿಸಬೇಕಾಗಲಿಲ್ಲ, ಅಳಿಯದೆ ಹೋಗುವ ದಾರಿಯೇ ಇಲ್ಲ.

ಎಲ್ಲಿ ಕೆಡುತ್ತದೆ

ಹೇಳಿದಷ್ಟು ಸಲೀಸಲ್ಲ ಮಾರಾಯ್ರೆ. ಬೆಲ್ ಅಳತೆಗೆ ಎರಡು ಫೋಟಾನ್‌ಗಳು ಅರೆಗನ್ನಡಿಯೊಂದರಲ್ಲಿ ಒಂದೇ ಹೊತ್ತಿಗೆ ಸಂಧಿಸಬೇಕು. ಯಾವುದು ಯಾವ ಕಡೆಯಿಂದ ಬಂತು ಎಂದು ಪತ್ತೆ ಹಚ್ಚಲು ಬಂದರೆ ಆಟ ಮುಗಿಯಿತು. 1997ರ ಪ್ರಯೋಗದಲ್ಲಿ ಲೇಸರಿನ ಒಂದೊಂದು ಮಿಡಿತ ಸುಮಾರು 200 ಫೆಮ್ಟೋಸೆಕೆಂಡಿನದ್ದು. ಅಷ್ಟರಲ್ಲಿ ಬೆಳಕು ಹೋಗುವ ದೂರ 0.06 ಮಿ.ಮೀ., ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಎರಡೂ ದಾರಿಗಳ ಉದ್ದ ಅಷ್ಟು ಕರಾರುವಾಕ್ಕಾಗಿ ಹೊಂದಬೇಕು. ಮೇಜಿನ ಮೇಲಾದರೆ ಸ್ಕ್ರೂ ತಿರುಗಿಸಿ ಹೊಂದಿಸಬಹುದು. ಎರಡು ಊರಿನಿಂದ ನಾರಿನಲ್ಲಿ ಬಂದ ಫೋಟಾನ್‌ಗಳನ್ನು ನಡುವೆ ಎಲ್ಲೋ, ಪಡುಬಿದ್ರಿಯಲ್ಲಿ ಎನ್ನಿ, ಸಂಧಿಸಬೇಕಾದರೆ ಕಥೆ ಬೇರೆ. ಉಷ್ಣತೆ ಒಂದು ಡಿಗ್ರಿ ಏರಿಳಿದರೂ 60 ಕಿ.ಮೀ. ನಾರಿನಲ್ಲಿ ಬೆಳಕಿನ ದಾರಿ ಅರ್ಧ ಮೀಟರಿನ ಆಸುಪಾಸು ಬದಲಾಗುತ್ತದೆ. ಏಪ್ರಿಲಿನ ಮಧ್ಯಾಹ್ನಕ್ಕೂ ಮೊದಲ ಮಳೆಯ ಸಂಜೆಗೂ ಇರುವ ವ್ಯತ್ಯಾಸ ಎಷ್ಟು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೀಗಾಗಿ ಮಿಡಿತವನ್ನು ಉದ್ದ ಮಾಡುತ್ತಾರೆ, ಸಪೂರ ಬಣ್ಣಪಟ್ಟಿಯ ಸೋಸುಗ ಹಾಕುತ್ತಾರೆ, ದಾರಿಯ ಉದ್ದವನ್ನು ಬಿಡದೆ ಅಳೆದು ಸರಿಪಡಿಸುತ್ತಲೇ ಇರುತ್ತಾರೆ. ನಾರು ಬಾಗಿದಲ್ಲಿ, ಅದುರಿದಲ್ಲಿ ಧ್ರುವೀಕರಣವೂ ಸುಮ್ಮನೆ ತಿರುಗುತ್ತದೆ. ಅದಕ್ಕೆ ಮತ್ತೊಂದು ತಿದ್ದುಪಡಿ ಬೇಕು.

ಇನ್ನು ನಷ್ಟ. ಒಳ್ಳೆಯ ಟೆಲಿಕಾಂ ನಾರು ಕಿಲೋಮೀಟರಿಗೆ 0.2 ಡೆಸಿಬೆಲ್ ನುಂಗುತ್ತದೆ; ಪ್ರತಿ ಹತ್ತು ಡೆಸಿಬೆಲ್‌ಗೆ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. 60 ಕಿ.ಮೀ.ಗೆ 12 ಡೆಸಿಬೆಲ್. ನೂರು ಫೋಟಾನ್ ಹೊರಟರೆ ತಲುಪುವುದು ಆರು. ಬೆಂಗಳೂರಿನ 350 ಕಿ.ಮೀ.ಗೆ 70 ಡೆಸಿಬೆಲ್. ಒಂದು ಕೋಟಿ ಹೊರಟರೆ ಒಂದು. ಮಾಮೂಲಿ ಇಂಟರ್ನೆಟ್ಟಿಗೆ ದಾರಿಯಲ್ಲಿ ಆಂಪ್ಲಿಫೈಯರ್ ಇಡುತ್ತಾರೆ. ಇಲ್ಲಿ ಇಡುವ ಹಾಗಿಲ್ಲ, ಯಾಕೆಂದರೆ ವರ್ಧಿಸುವುದು ಅಂದರೆ ನಕಲು ಮಾಡುವುದೇ. ಬದಲಿಗೆ ಕ್ವಾಂಟಂ ರಿಪೀಟರ್ ಬೇಕು: ದಾರಿಯನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಹೆಣೆದ ಜೋಡಿ ಸಿದ್ಧವಾಗುವ ತನಕ ಕಾದು, ಆಮೇಲೆ ಟೆಲಿಪೋರ್ಟೇಶನ್ನಿನಿಂದಲೇ ತುಂಡುಗಳನ್ನು ಬೆಸೆಯುವುದು. ಹೀಗೆ ಕಾಯಲು ಕ್ವಾಂಟಂ ಸ್ಮರಣೆ ಬೇಕು. ದಿನಬಳಕೆಗೆ ಸಲ್ಲುವಂಥದ್ದು ಇನ್ನೂ ಆಗಿಲ್ಲ. ಇದಲ್ಲದೆ, ಬರೀ ಕನ್ನಡಿ, ಅರೆಗನ್ನಡಿಗಳಿಂದ ಮಾಡುವ ಬೆಲ್ ಅಳತೆ ನಾಲ್ಕರಲ್ಲಿ ಎರಡು ಉತ್ತರಗಳನ್ನಷ್ಟೇ ಗುರುತಿಸಬಲ್ಲದು. ಇನ್ಸ್‌ಬ್ರುಕ್‌ನಲ್ಲಿ ಗುರುತಿಸಿದ್ದು ಒಂದನ್ನು ಮಾತ್ರ.

ಇಷ್ಟೆಲ್ಲ ಇದ್ದೂ ಕೆಲಸ ಮುಂದುವರಿದಿದೆ. 2004ರಲ್ಲಿ ಇನ್ಸ್‌ಬ್ರುಕ್‌ನವರು ಕ್ಯಾಲ್ಸಿಯಂ ಅಯಾನುಗಳಲ್ಲಿ, ಅಮೆರಿಕದ ನಿಸ್ಟ್ ಪ್ರಯೋಗಾಲಯದವರು ಬೆರಿಲಿಯಂ ಅಯಾನುಗಳಲ್ಲಿ ಮಾಡಿ ತೋರಿಸಿದರು. ಅಲ್ಲಿ ನಾಲ್ಕೂ ಉತ್ತರ ಸಿಗುತ್ತದೆ. 2012ರಲ್ಲಿ ಕ್ಯಾನರಿ ದ್ವೀಪಗಳ ನಡುವೆ 143 ಕಿ.ಮೀ. ಗಾಳಿಯಲ್ಲಿ ಆಯಿತು. 2017ರಲ್ಲಿ ಚೀನಾದವರು ಟಿಬೆಟ್ಟಿನ ನೆಲದಿಂದ ಮಿಸಿಯಸ್ ಉಪಗ್ರಹಕ್ಕೆ, ಗರಿಷ್ಠ 1,400 ಕಿ.ಮೀ. ದೂರಕ್ಕೆ ಕಳುಹಿಸಿದರು, ದಾರಿಯ ಬಹುಪಾಲು ನಿರ್ವಾತವಾದ್ದರಿಂದ ನಷ್ಟ ಕಡಿಮೆ. ಆದರೂ 32 ದಿನ, ದಿನಕ್ಕೊಂದು ಸುತ್ತಿನ ಪ್ರಯತ್ನದಲ್ಲಿ ದಕ್ಕಿದ್ದು 911 ಘಟನೆ, ನಿಷ್ಠೆ ಸುಮಾರು 0.80. ನಿಷ್ಠೆ ಎಂದರೆ ತಲುಪಿದ ಸ್ಥಿತಿ ಹೊರಟದ್ದಕ್ಕೆ ಎಷ್ಟು ಹೋಲುತ್ತದೆ ಎಂಬ ಅಂಕ. ಹೆಣೆದ ಜೋಡಿಯೇ ಇಲ್ಲದೆ, ಅಪ್ಪಿ ಅಳೆದು ಬಾಯಲ್ಲಿ ಹೇಳಿ ಬಾಬು ಕಟ್ಟಿಕೊಂಡರೆ ಸರಾಸರಿ ಮೂರರಲ್ಲಿ ಎರಡಕ್ಕಿಂತ ಮೇಲೆ ಹೋಗುವುದಿಲ್ಲ. ಆ ಗೆರೆ ದಾಟಿದರೆ ಮಾತ್ರ ಟೆಲಿಪೋರ್ಟೇಶನ್ ಎನ್ನುತ್ತಾರೆ. 2024ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಸೆಕೆಂಡಿಗೆ 400 ಗಿಗಾಬಿಟ್ ಇಂಟರ್ನೆಟ್ ಹರಿಯುತ್ತಿದ್ದ 30.2 ಕಿ.ಮೀ. ನಾರಿನಲ್ಲೇ ಇದನ್ನು ಮಾಡಿದರು. ಬೇರೆಯೇ ಕೇಬಲ್ ಎಳೆಯಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. 2025ರಲ್ಲಿ ಆಕ್ಸ್‌ಫರ್ಡಿನಲ್ಲಿ ಎರಡು ಮೀಟರ್ ಅಂತರದ ಎರಡು ಪುಟ್ಟ ಕ್ವಾಂಟಂ ಕಂಪ್ಯೂಟರುಗಳನ್ನು ಈ ವಿಧಾನದಿಂದ ಒಂದಾಗಿ ಕೆಲಸ ಮಾಡಿಸಿದರು. ಟೆಲಿಪೋರ್ಟೇಶನ್ನಿನ ನಿಜವಾದ ಮಾರುಕಟ್ಟೆ ಇದು: ಯಂತ್ರಗಳ ನಡುವಿನ ತಂತಿ. ಪ್ರಯಾಣಿಕರು ಆ ಪಟ್ಟಿಯಲ್ಲಿಲ್ಲ.

ಎಪ್ಪತ್ತು ಕಿಲೋ ಮನುಷ್ಯ

ಪ್ರಯಾಣಿಕನನ್ನು ಪಟ್ಟಿಗೆ ಸೇರಿಸಿಯೇ ನೋಡೋಣ. ದೇಹವನ್ನು ಶಕ್ತಿಯಾಗಿ ಮಾಡಿ ಕಿರಣದಂತೆ ಕಳುಹಿಸುವ ಯೋಚನೆಯನ್ನು ಒಂದೇ ಲೆಕ್ಕದಲ್ಲಿ ಮುಗಿಸಬಹುದು. 70 ಕಿಲೋ ದ್ರವ್ಯದ ಶಕ್ತಿ 6.3×10^18 ಜೌಲ್. ಪಡುಬಿದ್ರಿ ಪಕ್ಕದ ಎಲ್ಲೂರಿನ 1,200 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರ ಒಂದು ಕ್ಷಣವೂ ನಿಲ್ಲದೆ 166 ವರ್ಷ ಓಡಿದರೆ ಅಷ್ಟಾಗುತ್ತದೆ. ಒಮ್ಮೆಲೇ ಬಿಡುಗಡೆಯಾದರೆ 150 ಕೋಟಿ ಟನ್ ಟಿಎನ್‌ಟಿ ಸಿಡಿದಂತೆ. ಮಂಗಳೂರಿಗೆ ಹೋಗಲು ಉಡುಪಿಯನ್ನೇ ಇಲ್ಲವಾಗಿಸಿದ ಹಾಗೆ.

ಮಾಹಿತಿಯ ದಾರಿ ಹೇಗೆ? ದೇಹದಲ್ಲಿ ಸುಮಾರು 7×10^27 ಪರಮಾಣುಗಳಿವೆ, ಏಳರ ಮುಂದೆ 27 ಸೊನ್ನೆ. ಒಂದೊಂದರ ಸ್ಥಾನವನ್ನು ಪರಮಾಣುವಿನಷ್ಟೇ ನಿಖರತೆಯಲ್ಲಿ ಬರೆಯಲು ಉದ್ದ, ಅಗಲ, ಎತ್ತರಕ್ಕೆ 35 ಬಿಟ್‌ನಂತೆ 105, ಯಾವ ಧಾತು ಎನ್ನಲು ಇನ್ನೈದು: ಒಟ್ಟು 110 ಬಿಟ್. ಗುಣಿಸಿದರೆ 7.7×10^29. ಸೆಕೆಂಡಿಗೆ ಒಂದು ಗಿಗಾಬಿಟ್ ಕೊಡುವ ಮನೆಯ ಫೈಬರಿನಲ್ಲಿ ಕಳುಹಿಸಿದರೆ 24 ಲಕ್ಷ ಕೋಟಿ ವರ್ಷ ಬೇಕು. ವಿಶ್ವಕ್ಕೆ ಈಗಿನ ವಯಸ್ಸು 1,380 ಕೋಟಿ. ಸಾವಿರ ಪಟ್ಟು ವೇಗ ಮಾಡಿದರೂ 2,400 ಕೋಟಿ ವರ್ಷ. ಉಳಿಸಿಡಲು 20 ಟೆರಾಬೈಟಿನ ಹಾರ್ಡ್‌ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿದರೆ ಸೂರ್ಯನಿಗಿರುವ ದೂರದ 800 ಪಟ್ಟು ಮೀರುತ್ತದೆ. ದೇಹದ ತುಂಬ ನೀರೇ ಇರುವುದರಿಂದ ಒಂದೊಂದು ಹನಿಯ ಲೆಕ್ಕ ಯಾಕೆ, ಕುಗ್ಗಿಸಬಹುದಲ್ಲ ಎಂದರೆ ಹೌದು, ಬಹಳಷ್ಟು ಕುಗ್ಗೀತು. ಸ್ಕ್ಯಾನ್ ಮಾಡುವುದು ಹೇಗೆ ಎಂಬುದು ಮಾತ್ರ ಕುಗ್ಗದು. ಒಳಗಿನ ಅಣುವನ್ನು ನೋಡಲು ಹೊರಗಿನದ್ದನ್ನು ಸುಲಿಯಬೇಕು, ಅಷ್ಟರಲ್ಲಿ ಒಳಗಿನದ್ದು ಜಾಗ ಬದಲಿಸಿರುತ್ತದೆ. 37 ಡಿಗ್ರಿ ಬಿಸಿಯ ದೇಹ ಫೋಟೋಕ್ಕೆ ನಿಂತ ಮದುಮಗನಲ್ಲ.

ಕ್ವಾಂಟಂ ದಾರಿಗೆ ಸ್ಕ್ಯಾನ್ ಬೇಡ, ಆದರೆ ಸಾಮಗ್ರಿ ಬೇಕು. ಮಂಗಳೂರಿನಲ್ಲಿ ಬಾಬು ಮೊದಲೇ 45 ಕಿಲೋ ಆಮ್ಲಜನಕ, ಹನ್ನೆರಡೂವರೆ ಕಿಲೋ ಇಂಗಾಲ, 7 ಕಿಲೋ ಜಲಜನಕ, 2 ಕಿಲೋ ಸಾರಜನಕ, ಒಂದು ಕಿಲೋ ಕ್ಯಾಲ್ಸಿಯಂ, ಮುಕ್ಕಾಲು ಕಿಲೋಕ್ಕೆ ಸ್ವಲ್ಪ ಕಡಿಮೆ ರಂಜಕ, ಮೇಲೆ ಚೂರುಪಾರು ಉಳಿದದ್ದನ್ನು ಸಿದ್ಧ ಇಟ್ಟಿರಬೇಕು. ಅದಕ್ಕೆ ಸಮನಾದ ಇನ್ನೊಂದು ರಾಶಿ ಉಡುಪಿಯಲ್ಲಿರಬೇಕು. ಎರಡೂ ರಾಶಿಗಳು ಕಣಕ್ಕೆ ಕಣ ಹೆಣೆದುಕೊಂಡಿರಬೇಕು, ಒಂದೂ ಕದಡದೆ ಕಾದಿರಬೇಕು. ಒಂದೇ ಕ್ವಾಂಟಂ ಸ್ಥಿತಿಯಲ್ಲಿ ಎರಡು ಕಡೆ ಹರಡಿಕೊಂಡಿರುವಂತೆ ಮಾಡಿ ತೋರಿಸಿದ ಬಹಳ ದೊಡ್ಡ ಅಣುಗಳಲ್ಲೊಂದು 2019ರಲ್ಲಿ ವಿಯೆನ್ನಾದ್ದು, ಸುಮಾರು 2,000 ಪರಮಾಣುಗಳದ್ದು. ಅದು ಟೆಲಿಪೋರ್ಟೇಶನ್ ಕೂಡ ಅಲ್ಲ, ಅದಕ್ಕೆ ಬೇಕಾದ ಮೊದಲ ಶಿಸ್ತು ಮಾತ್ರ. 2,000 ಎಲ್ಲಿ, 7×10^27 ಎಲ್ಲಿ!

ಇಬ್ಬರಾದರೆ

ಹಾಗಾದರೆ ತತ್ವಶಾಸ್ತ್ರದ ಮಾತು ಯಾಕೆ ಬೇಕು? ಯಂತ್ರ ಆಗದಿದ್ದರೂ ಅದು ಕೇಳಿಸುವ ಪ್ರಶ್ನೆ ಆಗಲೇ ನಮ್ಮ ಮೇಲಿದೆ. ಬ್ರಿಟನ್ನಿನ ದಾರ್ಶನಿಕ ಡೆರೆಕ್ ಪಾರ್ಫಿಟ್ 1984ರಲ್ಲಿ ಅದನ್ನು ಚುರುಕು ಮಾಡಿದರು. ಸ್ಕ್ಯಾನ್ ಯಂತ್ರ ನಿಮ್ಮ ಮಾಹಿತಿಯನ್ನು ಮಂಗಳ ಗ್ರಹಕ್ಕೆ ಕಳುಹಿಸಿತು, ಅಲ್ಲಿ ನೀವು ಎದ್ದಿರಿ. ಆದರೆ ಇಲ್ಲಿನ ನೀವೂ ಹಾಗೆಯೇ ಉಳಿದಿರಿ, ಹೃದಯ ಹಾಳಾಗಿ ಇನ್ನು ಕೆಲವೇ ದಿನ. ಅಲ್ಲಿ ಒಬ್ಬ ಆರಾಮಾಗಿದ್ದಾನೆ ಎಂಬುದು ಸಮಾಧಾನವೇ? ಪಾರ್ಫಿಟ್ ಅವರ ಉತ್ತರ: "ಅವನು ನಾನೇಯೋ" ಎಂಬುದಕ್ಕೆ ಯಾವಾಗಲೂ ಆಳವಾದ ಉತ್ತರ ಇರಲೇಬೇಕೆಂದಿಲ್ಲ, ನೆನಪು, ಸ್ವಭಾವ, ಉದ್ದೇಶಗಳ ಎಳೆ ಮುಂದುವರಿಯುವುದೇ ಮುಖ್ಯ.

ಇಲ್ಲಿ ಭೌತಶಾಸ್ತ್ರ ಒಂದು ಕವಲುದಾರಿ ಇಡುತ್ತದೆ. "ನಾನು" ಎಂಬುದು ದೇಹದ ನಿಖರ ಕ್ವಾಂಟಂ ಸ್ಥಿತಿಯಲ್ಲಿದೆ ಎನ್ನುವುದಾದರೆ, ಪಾರ್ಫಿಟ್ ಅವರ ಇಬ್ಬರು ಹುಟ್ಟುವುದೇ ಇಲ್ಲ. ನಕಲು ನಿಷಿದ್ಧ. ಹೋದರೆ ಪೂರ್ತಿ ಹೋಗಬೇಕು. ಅಪ್ಪಿಯ ಎರಡು ಬಿಟ್ ಸುದ್ದಿಯನ್ನು ಕದ್ದು ಸಾವಿರ ಪ್ರತಿ ಮಾಡಿದರೂ ಇನ್ನೊಬ್ಬ ಎದ್ದು ಬರುವುದಿಲ್ಲ, ಯಾಕೆಂದರೆ ಹೆಣೆದ ಜೋಡಿ ಒಂದೇ, ಅದೂ ಖರ್ಚಾಯಿತು. "ನಾನು" ಎಂಬುದು ಅಷ್ಟು ಸೂಕ್ಷ್ಮದಲ್ಲಿಲ್ಲ, ನರಕೋಶಗಳ ಜೋಡಣೆಯಲ್ಲಿದೆ ಎನ್ನುವುದಾದರೆ ಒರಟು ಸ್ಕ್ಯಾನ್ ಸಾಕು. ಆಗ ನಕಲಿಗೆ ತಡೆಯಿಲ್ಲ, ಇಬ್ಬರಾಗುವುದು ತಾತ್ವಿಕವಾಗಿ ಸಾಧ್ಯ. 2000ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ ಮಾಡಿದ ಲೆಕ್ಕದ ಪ್ರಕಾರ ಮಿದುಳಿನ ಬಿಸಿಯಲ್ಲಿ ಕ್ವಾಂಟಂ ಹೆಣಿಗೆ 10^-13 ಸೆಕೆಂಡಿನೊಳಗೆ ಕದಡಿ ಹೋಗುತ್ತದೆ. ಯೋಚನೆಗೆ ಬೇಕಾದದ್ದು ಮಿಲಿಸೆಕೆಂಡುಗಳು. ಪ್ರಜ್ಞೆಯ ಮೂಲ ಕ್ವಾಂಟಂ ಮಟ್ಟದಲ್ಲಿದೆ ಎನ್ನುವ ಪೆನ್‌ರೋಸ್ ಮತ್ತು ಹ್ಯಾಮೆರಾಫ್ ಇದಕ್ಕೆ ಒಪ್ಪುವುದಿಲ್ಲ. ಈ ಕ್ಷೇತ್ರದ ಹೆಚ್ಚಿನವರು ಟೆಗ್‌ಮಾರ್ಕ್ ಪರ, ಈ ಲೇಖನವೂ ಆ ಕಡೆಗೇ. ಅಂದರೆ ತೊಡಕಿನ ಕವಲೇ ನಮ್ಮ ಪಾಲಿನದ್ದು.

"ಅಸಲು ಪರಮಾಣುಗಳಿದ್ದರೆ ಮಾತ್ರ ನಾನು" ಎಂಬ ವಾದ ಬಹಳ ಹೊತ್ತು ನಿಲ್ಲದು. ಎಲೆಕ್ಟ್ರಾನ್‌ಗಳಿಗೆ ಸೀರಿಯಲ್ ನಂಬರ್ ಇಲ್ಲ, ಎರಡನ್ನು ಅದಲುಬದಲು ಮಾಡಿದರೆ ಪ್ರಕೃತಿಗೂ ಗೊತ್ತಾಗುವುದಿಲ್ಲ. ದೇಹವೂ ಮಲ್ಪೆಯ ಹಳೆಯ ಮರದ ದೋಣಿಯ ಹಾಗೆ: ಹಲಗೆ ಬದಲಾಗಿದೆ, ಇಂಜಿನ್ ಬದಲಾಗಿದೆ, ರಿಜಿಸ್ಟ್ರೇಶನ್ ನಂಬರ್ ಮಾತ್ರ ಅದೇ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನದ ಆಯುಷ್ಯ. ಏಳು ವರ್ಷಕ್ಕೆ ದೇಹ ಪೂರ್ತಿ ಹೊಸದು ಎಂಬ ಮಾತು ಸರಿಯಲ್ಲ ಎನ್ನಿ. ಹಲ್ಲಿನ ಎನಾಮೆಲ್, ಕಣ್ಣಿನ ಮಸೂರದ ನಡುಭಾಗ, ಮಿದುಳಿನ ಹೊರಪದರದ ನರಕೋಶಗಳ ಡಿಎನ್‌ಎ ಬಾಲ್ಯದಿಂದ ಹಾಗೇ ಇರುತ್ತವೆ. ಆದರೆ "ನಾನು" ಹಲ್ಲಿನ ಎನಾಮೆಲ್ಲಿನಲ್ಲಿದ್ದೇನೆ ಎಂದು ಯಾರೂ ವಾದಿಸಲಾರರು.

ಉಡುಪಿಯಲ್ಲಿ ಈ ಚರ್ಚೆ ಪಾರ್ಫಿಟ್‌ರಿಂದ ಶುರುವಾಗಬೇಕಾಗಿಲ್ಲ. ಇಲ್ಲಿಂದ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪಂಚಭೇದಗಳಲ್ಲಿ ಜೀವ-ಜೀವ ಭೇದವೂ ಒಂದು. ಪ್ರತಿ ಜೀವಕ್ಕೂ ತನ್ನದೇ ಸ್ವರೂಪ, ಒಂದರಂತೆ ಇನ್ನೊಂದಿಲ್ಲ, ಜೀವ ದೇಹದ ಜೋಡಣೆಯಿಂದ ಹುಟ್ಟಿದ್ದೂ ಅಲ್ಲ. ಈ ನೋಟದಲ್ಲಿ ಮಂಗಳೂರಿನಲ್ಲಿ ಎದ್ದವನು ಅದೇ ಜೀವವೋ ಅಲ್ಲವೋ ಎಂಬುದಕ್ಕೆ ಖಚಿತ ಉತ್ತರ ಉಂಟು, ಆದರೆ ಯಾವ ಉಪಕರಣವೂ ಅದನ್ನು ಓದಲಾರದು. ಇಬ್ಬರಾದರೆ ಒಬ್ಬ ಮಾತ್ರ ಅವನು. ನೆನಪು ಇಬ್ಬರಿಗೂ ಇದ್ದರೆ ನೆನಪು ಸಾಕ್ಷಿಯಾಗಿ ಸೋತಿತು ಎಂದಷ್ಟೇ ಅರ್ಥ. ನೆನಪಿನ ಮೇಲೆ ವ್ಯಕ್ತಿಯನ್ನು ನಿಲ್ಲಿಸಿದ ಜಾನ್ ಲಾಕ್‌ಗೆ ಇದು ಗಟ್ಟಿ ಪೆಟ್ಟು. ಬೌದ್ಧ ನಾಗಸೇನ ರಾಜ ಮಿಲಿಂದನಿಗೆ ಕೊಟ್ಟ ದೀಪದ ಉದಾಹರಣೆ ಇದಕ್ಕೆ ನೇರ ಎದುರು: ಸಂಜೆಯ ಜ್ವಾಲೆ, ನಡುರಾತ್ರಿಯ ಜ್ವಾಲೆ ಒಂದೇ ಅಲ್ಲ, ಬೇರೆಯೂ ಅಲ್ಲ. ಒಂದು ದೀಪದಿಂದ ಎರಡು ಹಚ್ಚಿದರೆ ಯಾವುದು ಅಸಲು ಎಂಬ ಪ್ರಶ್ನೆಗೇ ಅಲ್ಲಿ ಜಾಗವಿಲ್ಲ. ಪಾರ್ಫಿಟ್ ನಾಗಸೇನನ ಪಕ್ಕದ ಮನೆಯವರು. ನಿತ್ಯದ ಬದುಕಿನಲ್ಲಿ ನಾವು ಎರಡೂ ಲೆಕ್ಕವನ್ನು ಬಳಸುತ್ತೇವೆ. ಒಂದೇ ರಾತ್ರಿ ಎರಡು ಊರಲ್ಲಿ ಒಂದೇ ದೈವಕ್ಕೆ ಕೋಲ ನಡೆದರೆ ಯಾವುದು ನಿಜವಾದದ್ದು ಎಂದು ಯಾರೂ ಕೇಳುವುದಿಲ್ಲ. ಬೆಳಗ್ಗೆ ಬಣ್ಣ ತೊಳೆದುಕೊಂಡು ಹೊರಟ ದೈವನರ್ತಕನಿಗೆ ಮಾತ್ರ ಮನೆ ಒಂದೇ.

ಇಬ್ಬರಾದಾಗಿನ ತಂಟೆಯನ್ನು ಎಲ್ಲರೂ ಬರೆಯುತ್ತಾರೆ: ಆಸ್ತಿ ಯಾರಿಗೆ, ಹೆಂಡತಿ ಯಾರಿಗೆ, ಆಧಾರ್ ಬೆರಳಚ್ಚು ಯಾರದ್ದು. ಕ್ವಾಂಟಂ ದಾರಿಯಲ್ಲಿ ಅಂಥ ಜಗಳವಿಲ್ಲ, ಆದರೆ ಅದರದ್ದೇ ಒಂದು ವಿಚಿತ್ರ ಉಂಟು, ಅದರ ಬಗ್ಗೆ ಬರೆದವರು ಕಡಿಮೆ. ಅಪ್ಪಿ ಅಳತೆ ಮುಗಿಸಿದ ಕ್ಷಣಕ್ಕೂ ಬಾಬು ಕೊನೆಯ ಬಿಲ್ಲೆ ತಿರುಗಿಸುವ ಕ್ಷಣಕ್ಕೂ ನಡುವೆ ಪ್ರಯಾಣಿಕ ಎಲ್ಲಿದ್ದಾನೆ? ಉಡುಪಿಯಲ್ಲಿಲ್ಲ, ಅಲ್ಲಿ ಉಳಿದದ್ದು ಅರ್ಥ ಕಳೆದುಕೊಂಡ ಕಣಗಳ ರಾಶಿ. ಮಂಗಳೂರಿನ ರಾಶಿ ನೋಡುವವರಿಗೆ ಬರೀ ಗೊಂದಲ. ಕೇಬಲ್ಲಿನಲ್ಲಿ ಹೋಗುತ್ತಿರುವ ಬಿಟ್‌ಗಳಲ್ಲಿ ಅವನ ಬಗ್ಗೆ ಒಂದಕ್ಷರವೂ ಇಲ್ಲ. ಕದ್ದು ಕೇಳಿದರೂ ಸಿಗುವುದು ನಾಣ್ಯ ಚಿಮ್ಮಿದಂಥ ಅಂಕೆಗಳು. ಎರಡು ಸೇರಿದರೆ ಅವನು, ಒಂದೊಂದೇ ಆದರೆ ಏನೂ ಅಲ್ಲ.

ಆ ಬಿಟ್‌ಗಳು ಒಂದು ಡಿಸ್ಕಿನಲ್ಲಿ ಉಳಿದು, ಕೇಬಲ್ ತುಂಡಾಗಿ, ಮಂಗಳೂರಿನ ರಾಶಿ ಕದಡದೆ ಹಾಗೇ ಇದೆ ಎಂದುಕೊಳ್ಳಿ. ಏಳು ವರ್ಷ ಸುಳಿವಿಲ್ಲದವನು ಸತ್ತಿದ್ದಾನೆ ಎಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನು ಬಿಡುತ್ತದೆ. ಮನೆಯವರು ಉತ್ತರಕ್ರಿಯೆ ಮಾಡಿ, ಜಾಗ ಪಾಲು ಮಾಡಿಕೊಂಡಿರುತ್ತಾರೆ. ಎಂಟನೆಯ ವರ್ಷ ಯಾರೋ ಡಿಸ್ಕ್ ಹುಡುಕಿ ತಂದು ಬಾಬುವಿಗೆ ಕೊಡುತ್ತಾರೆ, ಅವನು ಒಂದೊಂದೇ ತಿದ್ದುಪಡಿ ಮುಗಿಸುತ್ತಾನೆ. ಎದ್ದು ಕೂತವನಿಗೆ ಒಂದು ದಿನವೂ ವಯಸ್ಸಾಗಿಲ್ಲ. ಕೃಷ್ಣಮಠದಲ್ಲಿ ನಾಲ್ಕು ಪರ್ಯಾಯ ಕಳೆದದ್ದು ಅವನಿಗೆ ಗೊತ್ತಿಲ್ಲ. ಬಾಯಲ್ಲಿ ಇನ್ನೂ ಹೊರಡುವ ಮೊದಲು ಕುಡಿದ ಕಾಫಿಯ ರುಚಿ.